ಪಾಲಿಕೆ ಸಭೆಯೇ ಇಲ್ಲದಿದ್ದರೆ ನಮ್ಮ ಪ್ರಶ್ನೆ ಕೇಳುವುದು ಎಲ್ಲಿ?

ಮಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಪರಿಷತ್ತಿನ ಅವಧಿ 2025ರ ಫೆಬ್ರವರಿ ಕೊನೆಗೆ ಮುಗಿದಿದೆ. 60 ವಾರ್ಡ್‌ಗಳ 60 ಕಾರ್ಪೊರೇಟರ್‌ಗಳು ಈಗ ಮಾಜಿಗಳು. ಮೇಯರ್ ಇಲ್ಲ, ಉಪಮೇಯರ್ ಇಲ್ಲ, ಸ್ಥಾಯಿ ಸಮಿತಿಗಳಿಲ್ಲ. ಲಾಲ್‌ಬಾಗಿನ ಪಾಲಿಕೆ ಕಟ್ಟಡದಲ್ಲಿ ನಡೆಯುತ್ತಿದ್ದ ಸಾಮಾನ್ಯ ಸಭೆ ನಿಂತಿದೆ. ಪರಿಷತ್ತು ಕೂತು ಚರ್ಚಿಸಿ ತೆಗೆದುಕೊಳ್ಳಬೇಕಾದ ತೀರ್ಮಾನಗಳು ಸರಕಾರ ನೇಮಿಸಿದ ಆಡಳಿತಾಧಿಕಾರಿಯ ಸಹಿಯಲ್ಲಿ ಆಗುತ್ತವೆ. ಈ ಸಲದ ಮಳೆಗಾಲ ಬಂದದ್ದೂ ಹೀಗೆಯೇ, ಕಾರ್ಪೊರೇಟರ್ ಇಲ್ಲದ ಊರಿಗೆ.

"ಅದರಿಂದ ನಮಗೇನು? ನಳ್ಳಿಯಲ್ಲಿ ನೀರು ಬರ್ತದೆ, ಕಸದ ಗಾಡಿ ಬರ್ತದೆ, ಬೀದಿದೀಪ ಉರೀತದೆ. ಅವರು ಇದ್ದಾಗ ಮಾತ್ರ ಏನು ಮಾಡಿದ್ದು?" ಎಂದು ಕೇಳುವವರು ನಮ್ಮ ಮೊಹಲ್ಲಾಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹೋಟೆಲಿನ ಬೆಂಚಿನಲ್ಲೂ ಮದುವೆ ಮನೆಯಲ್ಲೂ ಇದೇ ಮಾತು. ಈ ಪ್ರಶ್ನೆಯನ್ನು ತಮಾಷೆ ಮಾಡಿ ಬಿಡುವ ಹಾಗಿಲ್ಲ. ಕೇಳುವವರಲ್ಲಿ ಬೇಸರ ಉಂಟು, ಆ ಬೇಸರಕ್ಕೆ ಕಾರಣವೂ ಉಂಟು. ಆದರೆ ಉತ್ತರವೂ ಉಂಟು. ಅದನ್ನು ಸಮಾಧಾನದಲ್ಲಿ ಹೇಳಬೇಕೆಂದು ನಮಗೆ ತೋರುತ್ತದೆ.

ಮೊದಲು ಪಾಲಿಕೆಯ ಕೈಯಲ್ಲಿ ಏನೇನುಂಟು ಎಂದು ನೋಡೋಣ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಒಂದು ಪಟ್ಟಿ ಕೊಟ್ಟಿತು. ಅದು ಸಂವಿಧಾನದ 12ನೇ ಅನುಸೂಚಿ. ಅದರಲ್ಲಿ 18 ವಿಷಯಗಳಿವೆ. ನಗರ ಯೋಜನೆ, ರಸ್ತೆ ಮತ್ತು ಸೇತುವೆ, ನೀರು ಪೂರೈಕೆ, ಸ್ವಚ್ಛತೆ ಮತ್ತು ಕಸ ವಿಲೇವಾರಿ, ಕೊಳೆಗೇರಿಗಳ ಸುಧಾರಣೆ, ಬೀದಿದೀಪ, ಬಸ್ ತಂಗುದಾಣ ಎಲ್ಲ ಅದರಲ್ಲಿ ಬರುತ್ತವೆ. ಅದೇ ಪಟ್ಟಿಯಲ್ಲಿ ದಫನ ಭೂಮಿ ಮತ್ತು ಸ್ಮಶಾನ ಉಂಟು, ಜನನ ಮರಣ ನೋಂದಣಿ ಉಂಟು, ಕಸಾಯಿಖಾನೆಗಳ ನಿಯಂತ್ರಣ ಉಂಟು. ಮನೆಯಲ್ಲಿ ಮಗು ಹುಟ್ಟಿದ ದಿನದಿಂದ ಹಿರಿಯರನ್ನು ಮಣ್ಣು ಮಾಡುವ ದಿನದವರೆಗೆ ಒಂದು ಸಂಸಾರಕ್ಕೆ ಬೇಕಾಗುವ ಕಾಗದಪತ್ರ, ಜಾಗ, ನೀರು, ದಾರಿ ಇವುಗಳಲ್ಲಿ ಹೆಚ್ಚಿನವು ಈ ಪಟ್ಟಿಯಲ್ಲೇ ಇವೆ.

ನಮ್ಮ ಸಮುದಾಯದ ಮಟ್ಟಿಗೆ ಇದು ಇನ್ನಷ್ಟು ಹತ್ತಿರದ ವಿಷಯ. ಬಂದರಿನ ಸಗಟು ಅಂಗಡಿಯವರಿಗೆ ಉದ್ದಿಮೆ ಪರವಾನಿಗೆ ಪಾಲಿಕೆಯಿಂದ. ಮಾರುಕಟ್ಟೆಯಲ್ಲಿ ಹಣ್ಣು, ತರಕಾರಿ, ಮಾಂಸ ಮಾರುವವರಿಗೆ ಅಂಗಡಿ ಕೋಣೆ ಪಾಲಿಕೆಯಿಂದ. ಕುದ್ರೋಳಿಯ ಕಸಾಯಿಖಾನೆ ಪಾಲಿಕೆಯದ್ದು. ಕಾಟಿಪಳ್ಳ, ಕೃಷ್ಣಾಪುರಗಳ ಒಳರಸ್ತೆ, ಬೆಂಗರೆಯ ಕುಡಿಯುವ ನೀರು, ತಗ್ಗು ಜಾಗಗಳಲ್ಲಿ ಮಳೆಗೆ ಮನೆಯೊಳಗೆ ನುಗ್ಗುವ ರಾಜಕಾಲುವೆ ನೀರು, ಎಲ್ಲದರ ಕಡತ ಹೋಗಿ ನಿಲ್ಲುವುದು ಲಾಲ್‌ಬಾಗಿನಲ್ಲಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ದಾಖಲೆ ಜನನ ಪ್ರಮಾಣಪತ್ರವೇ. ಅದರಲ್ಲಿ ಒಂದು ಅಕ್ಷರ ಆಚೀಚೆ ಆದರೆ ಏನಾಗುತ್ತದೆ ಎನ್ನುವುದನ್ನು ಗಲ್ಫಿಗೆ ಮಕ್ಕಳನ್ನು ಕಳಿಸಿದ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಸಭೆಯ ವಿಷಯ. ಪಾಲಿಕೆಯ ಸಾಮಾನ್ಯ ಸಭೆ ಎಂದರೆ ಬೊಬ್ಬೆ, ಧಿಕ್ಕಾರ, ಸಭಾತ್ಯಾಗ ಎನ್ನುವ ಚಿತ್ರವೇ ಹೆಚ್ಚಿನವರ ಮನಸ್ಸಿನಲ್ಲಿರುವುದು. ಪತ್ರಿಕೆಗಳಲ್ಲಿ ಬರುವುದೂ ಅದೇ. ಆದರೆ ಆ ಗಲಾಟೆಯ ಅಡಿಯಲ್ಲಿ ಒಂದು ವ್ಯವಸ್ಥೆ ಇರುತ್ತದೆ. ಕಾರ್ಯಸೂಚಿ ಮೊದಲೇ ಸದಸ್ಯರ ಕೈಗೆ ಹೋಗಬೇಕು. ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಹೀಗೆ ಸ್ಥಾಯಿ ಸಮಿತಿಗಳಲ್ಲಿ ವಿಷಯ ಚರ್ಚೆಯಾಗಿ ಸಭೆಗೆ ಬರಬೇಕು. ಆಯುಕ್ತರು ಮತ್ತು ಎಂಜಿನಿಯರುಗಳು ಎದುರಲ್ಲಿ ಕೂತು ಉತ್ತರ ಕೊಡಬೇಕು. ಕೇಳಿದ ಪ್ರಶ್ನೆ, ಕೊಟ್ಟ ಉತ್ತರ, ತೆಗೆದುಕೊಂಡ ತೀರ್ಮಾನ ಎಲ್ಲ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಆಡಳಿತ ಪಕ್ಷದವರು ಒಪ್ಪದಿದ್ದರೂ ವಿರೋಧ ಪಕ್ಷದ ಒಬ್ಬ ಸದಸ್ಯ ಎದ್ದು ನಿಂತು, "ನನ್ನ ವಾರ್ಡಿನ ಈ ಚರಂಡಿಗೆ ಬಂದ ಹಣ ಎಲ್ಲಿ ಹೋಯಿತು?" ಎಂದು ಕೇಳಬಹುದು. ಪತ್ರಕರ್ತರು ಬರೆದುಕೊಳ್ಳುತ್ತಾರೆ, ಮರುದಿನ ಊರಿಗೆ ಗೊತ್ತಾಗುತ್ತದೆ. ಕೆಲಸ ಆಗದೇ ಹೋಗಬಹುದು. ಆದರೆ ಯಾಕೆ ಆಗಲಿಲ್ಲ ಎಂದು ಒಬ್ಬರು ಎಲ್ಲರ ಎದುರು ಹೇಳಬೇಕಾಗುತ್ತದೆ.

ಆಡಳಿತಾಧಿಕಾರಿ ಕಾಲದಲ್ಲಿ ಇಲ್ಲವಾಗುವುದು ಇದೇ. ಅಧಿಕಾರಿಗಳು ಕೆಲಸ ಮಾಡುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಕೆಲವರು ಕಾರ್ಪೊರೇಟರ್‌ಗಳಿಗಿಂತ ಚುರುಕಾಗಿಯೇ ಇರುತ್ತಾರೆ. ಆದರೆ ಅವರನ್ನು ಬಹಿರಂಗವಾಗಿ ಪ್ರಶ್ನಿಸುವ ಸಭೆ ಇಲ್ಲ. ಬಜೆಟ್ ಆಗುತ್ತದೆ, ಅದರ ಮೇಲೆ ಚುನಾಯಿತರ ಚರ್ಚೆ ಆಗುವುದಿಲ್ಲ. ಟೆಂಡರ್ ಆಗುತ್ತದೆ, ಯಾಕೆ ಆ ವಾರ್ಡಿಗೆ, ಯಾಕೆ ಈ ವಾರ್ಡಿಗಿಲ್ಲ ಎಂದು ಕೇಳುವವರಿಲ್ಲ. 60 ಕಡೆಯಿಂದ ಬರಬೇಕಾದ ಅಹವಾಲು ಒಂದೇ ಮೇಜಿನ ಮುಂದೆ ಸರತಿಯಲ್ಲಿ ನಿಲ್ಲುತ್ತದೆ. ಆ ಸರತಿಯಲ್ಲಿ ಪ್ರಭಾವ ಇದ್ದವರು ಮುಂದೆ, ದಿನಗೂಲಿ ಬಿಟ್ಟು ಬರಲಾಗದವರು ಹಿಂದೆ. ಇದು ಯಾರೂ ಬೇಕೆಂದು ಮಾಡುವುದಲ್ಲವಾದರೂ ಆಗುವುದು ಹೀಗೆಯೇ.

ಇದು ಮೊದಲ ಸಲವೂ ಅಲ್ಲ. 2013ರ ಮಾರ್ಚ್‌ನಲ್ಲಿ ಪಾಲಿಕೆ ಚುನಾವಣೆ ನಡೆದು ಫಲಿತಾಂಶ ಬಂತು. ಆದರೆ ಮೀಸಲಾತಿಯ ತಕರಾರಿನಿಂದ ಮೇಯರ್ ಆಯ್ಕೆಗೆ 2014ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಗೆದ್ದವರು ಒಂದು ವರ್ಷ ಗೆದ್ದು ಸುಮ್ಮನೆ ಕೂತರು. ಆ ಪರಿಷತ್ತಿನ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. ಮತ್ತೆ ಚುನಾವಣೆ ನಡೆದದ್ದು ಆ ವರ್ಷದ ನವೆಂಬರ್‌ನಲ್ಲಿ, ಮೇಯರ್ ಆಯ್ಕೆಯಾದದ್ದು 2020ರ ಫೆಬ್ರವರಿ ಕೊನೆಗೆ. ಈಗ ಮೂರನೇ ಸಲ.

2019ರ ಆ ಖಾಲಿ ತಿಂಗಳುಗಳಲ್ಲಿ ಏನೆಲ್ಲ ಆಯಿತು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ, ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು, ನಗರಕ್ಕೆ ಸರದಿಯಲ್ಲಿ ನೀರು ಬಿಡುವ ಸ್ಥಿತಿ ಬಂತು. ಎತ್ತರದ ಜಾಗದ ಮನೆಗಳಿಗೆ ಸರದಿಯ ದಿನವೂ ನೀರು ಏರಲಿಲ್ಲ. ಉಮ್ಮಂದಿರು ಕೊಡ ಹಿಡಿದು ಟ್ಯಾಂಕರ್ ಕಾದರು. ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಮಳೆಗೆ ಜಾರಿ ಕೆಳಗಿನ ಮಂದಾರ ಪ್ರದೇಶಕ್ಕೆ ಹರಿಯಿತು. ಮನೆಗಳು, ಅಡಿಕೆ ತೋಟಗಳು, ಬಾವಿಗಳು ಕಸದಡಿಯಾದವು. ಹಲವು ಸಂಸಾರಗಳು ಹುಟ್ಟಿ ಬೆಳೆದ ಮನೆ ಬಿಟ್ಟು ಹೊರಟವು. ನಾವು ಬೀದಿಯ ತುದಿಯಲ್ಲಿ ಇಟ್ಟ ಕಸವೂ ಅದರಲ್ಲಿತ್ತು. ಈ ಎರಡೂ ಸಂಕಟ ಬಂದಾಗ ಈ ನಗರಕ್ಕೆ ಚುನಾಯಿತ ಪರಿಷತ್ತು ಇರಲಿಲ್ಲ. ಇದ್ದಿದ್ದರೆ ಗುಡ್ಡೆ ಜಾರುತ್ತಿರಲಿಲ್ಲ ಎಂದು ಹೇಳಲು ಬರುವುದಿಲ್ಲ. ಕಸ ಅಲ್ಲಿ ರಾಶಿಬಿದ್ದದ್ದು ಹಲವು ವರ್ಷಗಳಿಂದ, ಹಲವು ಪರಿಷತ್ತುಗಳ ಕಾಲದಲ್ಲಿ. ಆದರೆ ಮರುದಿನವೇ ತುರ್ತು ಸಭೆ ಕರೆದು, ಮಂದಾರದ ಜನರ ಪರವಾಗಿ ಎದ್ದು ನಿಂತು, ಪರಿಹಾರ ಎಷ್ಟು, ಯಾವಾಗ ಎಂದು ಕೇಳಲು ಒಂದು ಸಭೆ ಇರುತ್ತಿತ್ತು. ಆಗ ಅದೂ ಇರಲಿಲ್ಲ.

ಕಾನೂನು ಏನು ಹೇಳುತ್ತದೆ? ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿದೆ. ನಗರಾಡಳಿತ ಸಂಸ್ಥೆಯ ಅವಧಿ ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ 5 ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸುವುದು ರಾಜ್ಯ ಚುನಾವಣಾ ಆಯೋಗದ ಕರ್ತವ್ಯ, ಸರಕಾರ ಅದಕ್ಕೆ ಸಹಕಾರ ಕೊಡಬೇಕು ಎಂದಿತು. ವಾರ್ಡ್ ಮೀಸಲಾತಿ ಪಟ್ಟಿ ಆಗಿಲ್ಲ, ಪುನರ್ವಿಂಗಡಣೆ ಆಗಿಲ್ಲ ಎನ್ನುವುದು ಪ್ರತಿ ಸಲ ಕೇಳಿಬರುವ ಕಾರಣ. 5 ವರ್ಷದ ನಂತರ ಚುನಾವಣೆ ಬರುತ್ತದೆ ಎನ್ನುವುದು ಮೊದಲ ದಿನವೇ ಗೊತ್ತಿರುವ ವಿಷಯ. ಪರೀಕ್ಷೆಯ ದಿನ ಪೆನ್ನು ಹುಡುಕಿದ ಹಾಗಾಯಿತು ಇದು. ರಾಜ್ಯದಲ್ಲಿ ಒಂದು ಪಕ್ಷದ ಸರಕಾರ ಇದ್ದಾಗಲೂ ಹೀಗೆಯೇ, ಇನ್ನೊಂದು ಪಕ್ಷದ ಸರಕಾರ ಇದ್ದಾಗಲೂ ಹೀಗೆಯೇ ಆಗಿದೆ. ಆದ್ದರಿಂದ ಈ ವಿಷಯದಲ್ಲಿ ನಮ್ಮ ಮಾತು ಯಾವ ಪಕ್ಷದ ಪರವೂ ಅಲ್ಲ.

ಚುನಾವಣೆ ಬೇಗ ಆಗಲಿ ಎಂದು ಒತ್ತಾಯಿಸುವುದು ಒಂದು ಕೆಲಸ. ಸಭೆ ಮತ್ತೆ ಶುರುವಾದಾಗ ಅದನ್ನು ಬಳಸುವುದು ಹೇಗೆ ಎನ್ನುವುದು ಇನ್ನೊಂದು. ಇದರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗುತ್ತದೆ.

ನಮ್ಮಲ್ಲಿ ಕಾರ್ಪೊರೇಟರ್ ಎಂದರೆ ಮನೆಗೆಲಸ ಮಾಡಿಕೊಡುವ ಮನುಷ್ಯ ಎನ್ನುವ ಭಾವನೆ ಉಂಟು. "ಇಚ್ಚಾ, ಒಂದು ಸಹಿ ಬೇಕಿತ್ತು", "ಇಚ್ಚಾ, ನಮ್ಮ ಪೈಪಿನದ್ದು ಒಂದು ಹೇಳಿ ಕೊಡಿ", "ಖಾತಾ ಮಾಡಿಸಿ ಕೊಡಿ". ಇದು ತಪ್ಪಲ್ಲ, ಬೇಕಾಗುತ್ತದೆ. ಆದರೆ ಒಬ್ಬೊಬ್ಬರ ಪೈಪು ಸರಿಯಾಗುವುದರಲ್ಲಿ ಇಡೀ ಓಣಿಯ ಪೈಪು ಹಾಗೆಯೇ ಉಳಿಯುತ್ತದೆ. ಮುಂದಿನ ವರ್ಷ ಮತ್ತೆ ಅದೇ ಇಚ್ಚ, ಅದೇ ಪೈಪು. ಓಣಿಯ 40 ಮನೆಯವರು ಒಂದು ಅರ್ಜಿಗೆ ಸಹಿ ಹಾಕಿ, ಸ್ವೀಕೃತಿ ಮೊಹರು ಹಾಕಿಸಿ, ಅದನ್ನು ಸಭೆಯಲ್ಲಿ ಎತ್ತಬೇಕೆಂದು ಕಾರ್ಪೊರೇಟರ್ ಬಳಿ ಕೇಳಿದ್ದು ಅಪರೂಪ. ಸಭೆಯಲ್ಲಿ ಎತ್ತಿದರೋ ಇಲ್ಲವೋ ಎಂದು ಹೋಗಿ ನೋಡಿದ್ದು ಅದಕ್ಕಿಂತ ಅಪರೂಪ. ನಮ್ಮ ವಾರ್ಡಿನವರು ಐದು ವರ್ಷದಲ್ಲಿ ಎಷ್ಟು ಸಭೆಗೆ ಹೋದರು, ಎಷ್ಟು ಸಲ ಬಾಯಿ ತೆರೆದರು ಎನ್ನುವುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮದುವೆಗೆ ಬಂದರು, ಮಯ್ಯತ್ತಿಗೆ ಬಂದರು ಎಂಬ ಲೆಕ್ಕ ಮಾತ್ರ ಎಲ್ಲರ ಬಾಯಲ್ಲೂ ಉಂಟು.

ಹಾಗೆಯೇ "ನಮ್ಮವ ಒಬ್ಬ ಇದ್ದರೆ ಸಾಕು" ಎನ್ನುವ ಮಾತು. ಬ್ಯಾರಿ ಸಮುದಾಯದ ಕೆ. ಅಶ್ರಫ್ ಈ ನಗರದ ಮೇಯರ್ ಆಗಿದ್ದವರು. ನಮ್ಮ ಸಮುದಾಯದಿಂದ ಬೇರೆ ಬೇರೆ ಪಕ್ಷಗಳ ಸದಸ್ಯರು ಪರಿಷತ್ತಿನಲ್ಲಿ ಕೂತಿದ್ದಾರೆ. ಅದು ಸಂತೋಷದ ವಿಷಯ. ಆದರೆ ಆ ಕುರ್ಚಿಯಲ್ಲಿ ಯಾರೇ ಕೂರಲಿ, ಹಿಂದಿನಿಂದ ಲಿಖಿತವಾಗಿ ಕೇಳುವ ಜನ ಇಲ್ಲದಿದ್ದರೆ ಅವರ ಮಾತಿಗೂ ತೂಕ ಬರುವುದಿಲ್ಲ. ಕೃಷ್ಣಾಪುರದ ರಸ್ತೆಯ ಗುಂಡಿಗೆ ಜಾತಿ ಧರ್ಮ ಇಲ್ಲ. ನೆರೆಮನೆಯ ಬಿಲ್ಲವರು, ಮೊಗವೀರರು, ಕ್ರೈಸ್ತರು, ದಲಿತರು ಎಲ್ಲರೂ ಸೇರಿ ಹಾಕಿದ ಅರ್ಜಿಗೆ ಇರುವ ಬಲ ನಮ್ಮ ಒಂದೇ ಜಮಾಅತಿನ ಲೆಟರ್‌ಹೆಡ್ಡಿಗೆ ಇರುವುದಿಲ್ಲ.

ಇಲ್ಲಿ ವಾರ್ಡ್ ಸಮಿತಿಯ ವಿಷಯ ಹೇಳಲೇಬೇಕು. 3 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ಕರ್ನಾಟಕದ ಪಾಲಿಕೆ ಕಾಯ್ದೆಯ ಪ್ರಕಾರ ಆ ವಾರ್ಡಿನ ಕಾರ್ಪೊರೇಟರ್ ಅಧ್ಯಕ್ಷರು, ಜತೆಗೆ 10 ಮಂದಿ ನಾಗರಿಕರು. ಅವರಲ್ಲಿ ಕನಿಷ್ಠ 3 ಮಹಿಳೆಯರು, 2 ಪರಿಶಿಷ್ಟ ಜಾತಿ ಪಂಗಡದವರು, ನಿವಾಸಿಗಳ ಸಂಘಗಳಿಂದ 2 ಮಂದಿ. ವಾರ್ಡಿನಲ್ಲಿ ಏನು ಕೆಲಸ ಆಗಬೇಕೆಂಬ ಯೋಜನೆ ಮಾಡುವುದು, ಕಸ ವಿಲೇವಾರಿ, ಬೀದಿದೀಪ ಎಲ್ಲ ಸರಿಯಾಗಿ ನಡೆಯುತ್ತದೋ ನೋಡುವುದು ಈ ಸಮಿತಿಯ ಕೆಲಸ. ಮಂಗಳೂರಿನಲ್ಲಿ ಇದು ತಾನಾಗಿ ಬಂದದ್ದಲ್ಲ. ನಾಗರಿಕರು ಹಲವು ವರ್ಷ ಬೆನ್ನು ಹತ್ತಿ, ಹೈಕೋರ್ಟ್ ಮೆಟ್ಟಿಲು ಹತ್ತಿ ತಂದದ್ದು. ಅಧ್ಯಕ್ಷರಾಗಬೇಕಾದ ಕಾರ್ಪೊರೇಟರೇ ಇಲ್ಲದಿದ್ದರೆ ಈ ಸಮಿತಿಗೂ ಜೀವ ಇಲ್ಲ. ಅಷ್ಟು ಕಷ್ಟಪಟ್ಟು ತೆರೆಸಿದ ಬಾಗಿಲು ಕೂಡ ಪರಿಷತ್ತಿನ ಜತೆಗೇ ಮುಚ್ಚಿಕೊಂಡಂತಾಗಿದೆ.

ಈ ನಡುವೆ ನಮ್ಮ ಮನೆಗಳಲ್ಲಿ ಮಾಡಬಹುದಾದ, ದೊಡ್ಡ ಖರ್ಚಿಲ್ಲದ ಕೆಲವು ಕೆಲಸಗಳಿವೆ.

ಒಂದು, ಮತದಾರರ ಪಟ್ಟಿ. ಪಾಲಿಕೆ ಚುನಾವಣೆಯ ಪಟ್ಟಿ ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯ ಆಧಾರದಲ್ಲಿ. ಬಂದರಿನಿಂದ ಕೃಷ್ಣಾಪುರಕ್ಕೋ ಅಡ್ಯಾರಿಗೋ ಮನೆ ಬದಲಾಯಿಸಿದವರ ಹೆಸರು ಹಳೆಯ ವಾರ್ಡಿನಲ್ಲೇ ಉಳಿದಿರುತ್ತದೆ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಲ್ಲಿ ಇರುತ್ತದೆ. 18 ತುಂಬಿದ ಮಕ್ಕಳ ಹೆಸರು ಸೇರಿಸಿರುವುದಿಲ್ಲ. ಹೊಸದಾಗಿ ಸೇರಿಸಲು ನಮೂನೆ 6, ವಿಳಾಸ ಬದಲಿಸಲು ಮತ್ತು ತಿದ್ದಲು ನಮೂನೆ 8. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಜನವರಿ, ಎಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು. ಬೇರೆ ದೇಶದ ಪೌರತ್ವ ಪಡೆಯದ ಗಲ್ಫ್ ಮಕ್ಕಳಿಗೆ ನಮೂನೆ 6ಎ ಉಂಟು, ಆದರೆ ಮತ ಹಾಕಲು ಊರಿಗೆ ಬಂದೇ ಆಗಬೇಕು. ಚುನಾವಣೆ ಘೋಷಣೆಯಾದ ಮೇಲೆ ಓಡಿದರೆ ಪ್ರಯೋಜನ ಇಲ್ಲ.

ಎರಡು, ವಾರ್ಡ್ ಮೀಸಲಾತಿಯ ಕರಡು ಅಧಿಸೂಚನೆ ಬಂದಾಗ ಆಕ್ಷೇಪಣೆಗೆ ದಿನ ಕೊಡುತ್ತಾರೆ. ಅದನ್ನು ಓದಬೇಕು. ತಕರಾರಿದ್ದರೆ ಆ ದಿನಗಳೊಳಗೆ ಬರೆದು ಕೊಡಬೇಕು. ಪಟ್ಟಿ ಅಂತಿಮವಾದ ಮೇಲೆ ಕೋರ್ಟಿಗೆ ಹೋಗಿ ಚುನಾವಣೆ ಮತ್ತೊಂದು ವರ್ಷ ಮುಂದಕ್ಕೆ ಹೋದರೆ ನಷ್ಟ ಎಲ್ಲರಿಗೂ.

ಮೂರು, ನಮ್ಮ ಹೆಣ್ಣುಮಕ್ಕಳು. ಕರ್ನಾಟಕದ ನಗರಾಡಳಿತ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ವಾರ್ಡ್ ಸಮಿತಿಯಲ್ಲೂ ಅವರಿಗೆ ಜಾಗ ಉಂಟು. ನೀರು ಬಂದಿಲ್ಲ ಎಂದು ಮೊದಲು ಗೊತ್ತಾಗುವುದು ಅಡುಗೆಮನೆಯಲ್ಲಿ ಇರುವವರಿಗೆ. ಪದವಿ, ಸ್ನಾತಕೋತ್ತರ ಓದಿದ ಮಕ್ಕಳು ಈಗ ಪ್ರತಿ ಓಣಿಯಲ್ಲೂ ಇದ್ದಾರೆ. ಸ್ಥಾನ ಮೀಸಲಾದಾಗ ಯಾರದ್ದೋ ಹೆಂಡತಿ ಎಂದು ಹೆಸರು ಹಾಕಿಸಿ, ಸಭೆಯ ಹೊರಗೆ ಗಂಡ ಓಡಾಡುವ ಪದ್ಧತಿ ಬಿಟ್ಟು, ಓದಿದ, ಮಾತಾಡಬಲ್ಲ ಹೆಣ್ಣುಮಕ್ಕಳನ್ನು ಈಗಿನಿಂದಲೇ ಮುಂದೆ ತರಬೇಕು.

ನಾಲ್ಕು, ಬೀದಿಬದಿ ವ್ಯಾಪಾರಿಗಳು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇರುವ ವ್ಯಾಪಾರಿಯನ್ನು ಎಬ್ಬಿಸುವ ಹಾಗಿಲ್ಲ. ಸ್ಥಳಾಂತರ ಮಾಡಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಯ್ಕೆ ಮಾಡಿದವರು ಇರಬೇಕು. ಗಾಡಿ ಎತ್ತಿಕೊಂಡು ಹೋದ ದಿನ ಅಳುವುದಕ್ಕಿಂತ ಗುರುತಿನ ಚೀಟಿ, ಸಮೀಕ್ಷೆಯ ದಾಖಲೆ ಇವತ್ತೇ ಸರಿಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು. ಹಾಗೆಯೇ ನಡೆದಾಡುವವರಿಗೆ ದಾರಿ ಬಿಡುವುದೂ ವ್ಯಾಪಾರಿಯ ಹೊಣೆ.

ಐದು, ಕಾಗದ. ಬಾಯಿಮಾತಿನ ದೂರಿಗೆ ಆಯುಷ್ಯ ಇಲ್ಲ. ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ, ನಕಲು ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕಿನಡಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಆಡಳಿತಾಧಿಕಾರಿ ಕಾಲದಲ್ಲಿ ಸಭೆ ಇಲ್ಲದಿದ್ದರೂ ಈ ದಾರಿ ತೆರೆದೇ ಇರುತ್ತದೆ. ಆಸ್ತಿ ತೆರಿಗೆಯನ್ನೂ ಹೊತ್ತಿಗೆ ಕಟ್ಟಬೇಕು. ಎಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ. ತೆರಿಗೆ ಕಟ್ಟಿದ ರಶೀದಿ ಕೈಯಲ್ಲಿದ್ದರೆ ಪ್ರಶ್ನೆ ಕೇಳುವಾಗ ಧ್ವನಿ ಗಟ್ಟಿಯಾಗುತ್ತದೆ.

ಇಷ್ಟನ್ನು ಮಾಡಲು ಹೊಸ ಸಂಘಟನೆ ಬೇಡ. ಜಮಾಅತ್ ಕಮಿಟಿಗಳಿವೆ, ಯುವಕರ ಸಂಘಗಳಿವೆ, ರಕ್ತದಾನ ಶಿಬಿರ ಮಾಡುವ, ನೆರೆ ಬಂದಾಗ ದೋಣಿ ತರುವ ಹುಡುಗರಿದ್ದಾರೆ. ತಿಂಗಳಿಗೆ ಒಂದು ರವಿವಾರ, ಒಂದು ಮೇಜು, ನಾಲ್ಕು ಕುರ್ಚಿ, ಫಾರಂ ತುಂಬಲು ಬರುವ ಇಬ್ಬರು ಮಕ್ಕಳು ಸಾಕು. ಓಣಿಯ ಬೇರೆ ಸಮುದಾಯದವರಿಗೂ ಆ ಮೇಜಿನಲ್ಲಿ ಜಾಗ ಇರಲಿ. ಉಳ್ಳಾಲ ನಗರಸಭೆ, ಸೋಮೇಶ್ವರ ಪುರಸಭೆ, ಕೋಟೆಕಾರ್ ಪಟ್ಟಣ ಪಂಚಾಯತ್ ವ್ಯಾಪ್ತಿಯ ನಮ್ಮ ಓದುಗರಿಗೂ ಇದರಲ್ಲಿ ಹೆಚ್ಚಿನ ಮಾತು ಅನ್ವಯಿಸುತ್ತದೆ.

ಮಂಗಳೂರಿಗೆ ಪುರಸಭೆ ಬಂದದ್ದು 1866ರಲ್ಲಿ. ಅದು ಮಹಾನಗರ ಪಾಲಿಕೆ ಆದದ್ದು 1980ರಲ್ಲಿ. ಇಷ್ಟು ಹಳೆಯ ಸ್ಥಳೀಯಾಡಳಿತ ಇರುವ ಊರಿನಲ್ಲಿ ಚುನಾಯಿತ ಸಭೆ ಮತ್ತೆ ಮತ್ತೆ ಬಾಗಿಲು ಹಾಕಿಕೊಳ್ಳುವುದು ನಾಚಿಕೆಯ ವಿಷಯ. ಸರಕಾರವೂ ರಾಜ್ಯ ಚುನಾವಣಾ ಆಯೋಗವೂ ಇನ್ನು ತಡ ಮಾಡದೆ ಚುನಾವಣೆಯ ದಿನ ಗೊತ್ತುಮಾಡಬೇಕು. ಚುನಾವಣೆ ಮುಗಿದ ಕೂಡಲೇ ಮೇಯರ್ ಆಯ್ಕೆಯಾಗಿ ಮೊದಲ ಸಭೆ ಸೇರಬೇಕು. 2013ರ ಕಥೆ ಮರುಕಳಿಸಬಾರದು. ಅಲ್ಲಿವರೆಗೆ ಆಡಳಿತಾಧಿಕಾರಿಗಳು ತಿಂಗಳಿಗೊಮ್ಮೆಯಾದರೂ ವಲಯವಾರು ಸಾರ್ವಜನಿಕ ಅಹವಾಲು ಸಭೆ ನಡೆಸಿ, ಅದರ ನಡಾವಳಿಯನ್ನು ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ. ಓದುಗರಲ್ಲಿ ಕೇಳುವುದು ಇಷ್ಟೇ. ಈ ಶುಕ್ರವಾರ ಜುಮಾ ಮುಗಿಸಿ ಹೊರಗೆ ಬಂದಾಗ, ಮುಂದಿನ ಮಾತಿಗೆ ಮೊದಲು ಪಕ್ಕದವರ ಬಳಿ ಒಂದು ಮಾತು ಕೇಳಿ: ನಿಮ್ಮ ಮನೆಯವರೆಲ್ಲರ ಹೆಸರು ಪಟ್ಟಿಯಲ್ಲಿ ಉಂಟಾ?